ಮೂರು ಗೆರೆಯ ಡಿಫರೆನ್ಶಿಯಲ್

ಕಳೆದ ವಾರ ಪಾರ್ವತಿ ಫೋನ್ ಮಾಡಿದ್ದಳು. ದಾಂಡೇಲಿಯ ರಿಮೋಟ್ ಕಾರಿನ ವರ್ಕ್‌ಶಾಪಿನಲ್ಲಿ ನಾನೂ ಅವಳೂ ಒಂದೇ ಮೇಜಿನ ಎರಡು ಬದಿಗೆ ಹನ್ನೊಂದು ವರ್ಷ ಕೂತವರು. ನಾನು ನಿವೃತ್ತನಾಗಿ ಮುಂಡಗೋಡ ತಾಲ್ಲೂಕಿನ ನಮ್ಮೂರು ಪಾಳಾಕ್ಕೆ ಬಂದೆ, ಅವಳು ಇನ್ನೂ ಅಲ್ಲೇ ಇದ್ದಾಳೆ. ನನ್ನ ಬದಿಗೆ ಈಗ ಐಟಿಐ ಮುಗಿಸಿದ ಇಬ್ಬರು ಹೊಸಬರು ಬಂದಿದ್ದಾರಂತೆ. ಜೋಡಿಸಿದ ಪ್ರತಿ ಡಿಫರೆನ್ಶಿಯಲ್ ಮೇಲೂ ಉಕ್ಕಿನ ಸೂಜಿಯಿಂದ ತಮ್ಮ ಗುರುತು ಕೆತ್ತಬೇಕೆಂಬ ನಿಯಮ ಅವರಿಗೆ ತಲೆನೋವಾಗಿದೆ.

"ಪೆನ್ನಿಲೆ ಬರದರ ಆಗೂದಿಲ್ಲೇನು, ಯಾವ ಪುಣ್ಯಾತ್ಮ ಮಾಡ್ಯಾನ ಈ ನಿಯಮ ಅಂತ ಕೇಳಾಕತ್ತಾರ" ಎಂದಳು.

"ನೀ ಏನಂದಿ?"

"ನಾ ಯಾಕ ಹೇಳ್ಲಿ? ಪುಣ್ಯಾತ್ಮರು ಪಾಳಾದಾಗ ಅದಾರ, ಅವರನ್ನ ಕೇಳ್ರಿ ಅಂದೆ."

ಹನ್ನೊಂದು ವರ್ಷ ಎದುರಿಗೆ ಕೂತವಳು ಹೇಳದೆ ಬಿಟ್ಟದ್ದನ್ನು ನಾನೇ ಹೇಳಬೇಕಾಗಿದೆ. ಅದಕ್ಕೆ ಈ ಬರವಣಿಗೆ. ಹೊಸಬರೇ, ಬಡ್ತಿ, ಸನ್ಮಾನ, ಶಾಲು ಇವೆಲ್ಲ ಇದರಲ್ಲಿ ಸಿಗುವುದಿಲ್ಲ. ಶಾಲು ಒಂದು ಬಂದಿತ್ತು, ಅದನ್ನು ಈಗ ನನ್ನ ಹೆಂಡತಿ ಹಿಟ್ಟಿನ ಡಬ್ಬಿಗೆ ಮುಚ್ಚಿದ್ದಾಳೆ.

ನಾನು ಹುಟ್ಟಾ ಲಾರಿ ಮನುಷ್ಯ. ಹಳಿಯಾಳದ ಗ್ಯಾರೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲಾರಿಗಳ ಡಿಫರೆನ್ಶಿಯಲ್ ಬಿಚ್ಚಿ ಜೋಡಿಸಿದೆ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಜಗಳ ಹತ್ತದಂತೆ ನಡುವೆ ಕೂತು ತೀರ್ಮಾನ ಹೇಳುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಶಿಯಲ್. ಲಾರಿಯದನ್ನು ಎತ್ತಲು ಇಬ್ಬರು ಬೇಕು. ಹಾಗೆ ಎತ್ತೀ ಎತ್ತೀ ನನ್ನ ಸೊಂಟ ಹೋಯಿತು. ಡಾಕ್ಟರು ಭಾರ ಮುಟ್ಟಬೇಡ ಎಂದರು. ಅದೇ ವೇಳೆಗೆ ದಾಂಡೇಲಿಯಲ್ಲಿ ಮರೀನಾಬಾಯಿ ಎಂಬವರು ರಿಮೋಟ್ ಕಾರಿನ ಟ್ರ್ಯಾಕ್ ಮಾಡಿ, ಡಿಫರೆನ್ಶಿಯಲ್ ಬಲ್ಲವರು ಬೇಕು ಎಂದು ಹೇಳಿಕಳಿಸಿದ್ದರು. ಹೋದೆ. ಅವರು ನನ್ನ ಅಂಗೈ ಮೇಲೆ ಒಂದು ನಿಂಬೆಹಣ್ಣಿನಷ್ಟು ದೊಡ್ಡ ಸಾಮಾನು ಇಟ್ಟರು.

"ಇದು ಏನ್ರಿ ಬಾಯಿ?"

"ಡಿಫರೆನ್ಶಿಯಲ್. ನಿಂಗ ಬರ್ತದ ಅಂದ್ರಲ್ಲ?"

ಅಲ್ಲೇ ನಕ್ಕುಬಿಟ್ಟೆ. ಅವರು ನಗಲಿಲ್ಲ. ಮರೀನಾಬಾಯಿ ಜೋಯಿಡಾ ಕಡೆಯವರು. ಮನೆಮಾತು ಕೊಂಕಣಿ, ಸಿಟ್ಟು ಬಂದಾಗಲೂ ಕೊಂಕಣಿ. ನನಗೆ ಆ ಭಾಷೆ ಬಾರದಿದ್ದರೂ ಬೈಗುಳದ ಮಟ್ಟಿಗೆ ಒಂದೇ ತಿಂಗಳಲ್ಲಿ ಕಲಿತೆ.

ಊರಿನಲ್ಲಿ ಈ ಕೆಲಸ ವಿವರಿಸುವುದು ಇನ್ನೂ ಕಷ್ಟವಾಯಿತು. ಹಬ್ಬಕ್ಕೆ ಬಂದಾಗ ಕಟ್ಟೆಯ ಮೇಲೆ ಕೂತವರು, "ಈರಪ್ಪ, ಈಗ ಏನ್ ಕೆಲಸಪಾ?" ಎಂದು ಕೇಳುವರು. ರಿಮೋಟ್ ಕಾರಿನ ಡಿಫರೆನ್ಶಿಯಲ್‌ಗೆ ಎಣ್ಣೆ ತುಂಬುತ್ತೇನೆ ಎಂದರೆ, "ಅಂದ್ರ ಆಟಿಗಿ ಕಾರಿಗೆ ಎಣ್ಣಿ ಹಚ್ಚತೀ" ಎನ್ನುವರು. ಮಳಗಿಯಲ್ಲಿರುವ ನನ್ನ ಮಾವ ಒಂದು ಹೆಜ್ಜೆ ಮುಂದೆ ಹೋಗಿ, ಮುರಿದ ಗೊಂಬೆಯೊಂದನ್ನು ಚೀಲದಲ್ಲಿ ಹಾಕಿಕೊಟ್ಟು, ಹೋಗುವಾಗ ಇದನ್ನೂ ನೋಡು ಎಂದ. ನೋಡಿದೆ, ಸರಿಮಾಡಿಯೂ ಕೊಟ್ಟೆ. ಅಂದಿನಿಂದ ಮಳಗಿಯಲ್ಲಿ ನನಗೆ ತಕ್ಕಮಟ್ಟಿಗೆ ಮರ್ಯಾದೆ ಇದೆ.

ಮೊದಲ ದಿನವೇ ಎಡವಿದೆ. ಒಂದು ಕಾರಿಗೆ ಮೂರು ಡಿಫರೆನ್ಶಿಯಲ್. ಮುಂದೊಂದು, ಹಿಂದೊಂದು, ಎರಡಕ್ಕೂ ಬಲ ಹಂಚಲು ನಡುವೆ ಒಂದು. ಪುಟ್ಟ ಬಟ್ಟಲಿನೊಳಗೆ ಹಲ್ಲುಚಕ್ರಗಳನ್ನು ಕೂರಿಸಿ, ಜೇನಿಗಿಂತ ಮಂದವಾದ ಸಿಲಿಕೋನ್ ಎಣ್ಣೆ ಸುರಿದು, ಮುಚ್ಚಳದಂತೆ ದೊಡ್ಡ ಗೇರನ್ನು ಇಟ್ಟು, ನಾಲ್ಕು ಸ್ಕ್ರೂ ಬಿಗಿಯಬೇಕು. ಲಾರಿಯಲ್ಲಿ ನಾವು ಎಣ್ಣೆ ತೂತಿನಿಂದ ಹೊರಗೆ ಹರಿಯುವ ತನಕ ಹಾಕುವವರು. ಹರಿದರೆ ತುಂಬಿತು ಎಂದರ್ಥ. ಅದೇ ರೂಢಿಯಲ್ಲಿ ಬಟ್ಟಲನ್ನು ಕಂಠಮಟ ತುಂಬಿ, ಸ್ಕ್ರೂಗಳನ್ನು ಲಾರಿ ಚಕ್ರದ ನಟ್ಟು ಬಿಗಿದ ಹಾಗೆ ಬಿಗಿದೆ. ಕಾರು ಎರಡು ಸುತ್ತು ಹೋಗುವಷ್ಟರಲ್ಲಿ ಎಣ್ಣೆ ಬಿಸಿಯಾಗಿ ಹಿಗ್ಗಿ, ಅಚ್ಚಿನ ರಬ್ಬರ್ ಬಳೆಯ ಸಂದಿನಿಂದ ಹೊರಬಂತು.

ಎದುರಿಗೆ ಕೂತಿದ್ದವಳು ಪಾರ್ವತಿ. ನನಗಿಂತ ಇಪ್ಪತ್ತು ವರ್ಷ ಸಣ್ಣವಳು. ಚಿಗಳ್ಳಿ ಕಡೆಯ ಒಂದು ಹಟ್ಟಿಯವಳು, ಮೊದಲು ಕಂಡವರ ಗದ್ದೆಯಲ್ಲಿ ಭತ್ತದ ಸಸಿ ನೆಡುತ್ತಿದ್ದವಳು. ಅವಳಿಂದ ನಾನು ಕಲಿಯಬೇಕೆಂದು ಮರೀನಾಬಾಯಿ ಹೇಳಿದಾಗ ನನ್ನ ಮುಖ ಹೇಗಾಗಿತ್ತೆಂದು ಪಾರ್ವತಿ ಇಂದಿಗೂ ಮಾಡಿ ತೋರಿಸುತ್ತಾಳೆ.

"ಈರಪ್ಪಣ್ಣ, ಅದಕ್ಕೂ ಉಸಿರಾಡಾಕ ಜಾಗಾ ಬೇಕ್ರಿ" ಎಂದಳು. "ಒಳಗಿನ ಅಡ್ಡಕಡ್ಡಿ ಮುಳುಗಿದ ಕೂಡಲೆ ಕೈ ನಿಲ್ಲಸ್ರಿ. ಆಮ್ಯಾಲ ಗುಳ್ಳಿ ಮ್ಯಾಲ ಬರೂತನಕ ಸುಮ್ಮ ಕೂಡ್ರಿ."

ಸುಮ್ಮನೆ ಕೂರುವುದೇ ನನಗೆ ಬಾರದ ವಿದ್ಯೆ. ಮಂದ ಎಣ್ಣೆಯೊಳಗಿನ ಗುಳ್ಳೆ ಮೇಲೆ ಬರಲು ಅರ್ಧ ಗಂಟೆ ಹಿಡಿಯುತ್ತದೆ. ಗುಳ್ಳೆ ಒಳಗೇ ಉಳಿದರೆ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ ನಡೆಯುತ್ತದೆ ಕಾರು. ಈಗ ನಿಮಗೆ ಗಾಳಿ ಎಳೆಯುವ ಪಂಪು ಬಂದಿದೆ, ಗುಂಡಿ ಒತ್ತಿದರೆ ಆಯಿತು. ಆಗ ನಾವು ಬಟ್ಟಲುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಕಾಯುತ್ತಿದ್ದೆವು.

ಆ ಕಿಟಕಿಯಿಂದಲೇ ಇರುವೆಯ ಪ್ರಕರಣ ಆದದ್ದು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ನಮ್ಮ ಕಾಯಂ ಗಿರಾಕಿ. ಕಾರು ಓಡಿಸುವುದರಲ್ಲಿ ಮಹಾ ಶೋಕಿ, ತಕರಾರಿನಲ್ಲಿ ಇನ್ನೂ ಮಹಾ. ಒಮ್ಮೆ ಅವರ ಹಿಂದಿನ ಡಿಫರೆನ್ಶಿಯಲ್ ಮುಚ್ಚಿ ಕೊಟ್ಟು ಕಳಿಸಿದ ಮೇಲೆ ಕಿಟಕಿ ನೋಡುತ್ತೇನೆ, ಕೆಂಪಿರುವೆಯ ಸಾಲು ನಾನು ಬಟ್ಟಲು ಇಟ್ಟಿದ್ದ ಜಾಗದ ತನಕ ಬಂದು ನಿಂತಿದೆ. ಎಷ್ಟು ಒಳಗೆ ಹೋದವೋ ಶಿವನೇ ಬಲ್ಲ. ವಾರದ ಮೇಲೆ ಡಾಕ್ಟರು ಬಂದು, "ಈರಪ್ಪ, ಏನ್ ಸೆಟ್ ಮಾಡೀರಿ! ತಿರುವಿನಾಗ ಬೆಣ್ಣಿ ಹಂಗ ಹೋಗಾಕತ್ತದ. ಮುಂದೂ ಹಿಂಗ ಮಾಡ್ರಿ" ಎಂದರು. ಆಗಲಿ ಎಂದೆ. ಮೂರು ತಿಂಗಳಾದ ಮೇಲೆ ಬಿಚ್ಚಿದಾಗ ಒಂದೇ ಇರುವೆ ಇತ್ತು, ಕಾಲು ಕೂಡ ಮುರಿದಿರಲಿಲ್ಲ. ಹೊಸ ಎಣ್ಣೆ ತುಂಬಿ ಇರುವೆಯಿಲ್ಲದೆ ಕೊಟ್ಟೆ. ಮೊದಲಿನ ಹಾಗಿಲ್ಲ ಎಂದು ಆ ಡಾಕ್ಟರು ಈಗಲೂ ಗೊಣಗುತ್ತಾರೆ.

ಇರುವೆಯ ಸುದ್ದಿ ಮರೀನಾಬಾಯಿಗೆ ತಿಳಿದದ್ದೇ ಅಕ್ಕಸಾಲಿಗರ ತಕ್ಕಡಿಯೊಂದು ಮೇಜಿಗೆ ಬಂತು. ಪ್ರತಿ ಬಟ್ಟಲನ್ನೂ ಎಣ್ಣೆಯ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಬೇಕು. ಚಿನ್ನ ತೂಗುವ ಭಕ್ತಿಯಿಂದ ಎಣ್ಣೆ ತೂಗುತ್ತ ಬಾಯಿ, "ಇರುವೆಯ ತೂಕ ಇದರಾಗ ಕಾಣ್ತದ ನೋಡು" ಎನ್ನುವರು. ಕಾಣುತ್ತಿರಲಿಲ್ಲ. ಆದರೂ ಯಾರೂ ಹೇಳಲಿಲ್ಲ.

ತಕ್ಕಡಿಗೂ ನಿಲುಕದ ಕೆಲಸ ಪಾರ್ವತಿಯದಾಗಿತ್ತು. ಗೇರಿನ ಹಿಂದೆ ಹಾಕುವ ತೆಳು ತಗಡಿನ ಬಿಲ್ಲೆಗಳಿವೆಯಲ್ಲ, ಶಿಮ್ ಎನ್ನುತ್ತೇವೆ. ಒಂದು ಹೆಚ್ಚಾದರೆ ಗೇರು ಹಿಡಿದು ಕೂರುತ್ತದೆ, ಒಂದು ಕಡಿಮೆಯಾದರೆ ಹಲ್ಲು ತಿನ್ನುತ್ತದೆ. ಯಾವುದು ಎಷ್ಟು ದಪ್ಪ ಎಂದು ಪಾರ್ವತಿ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೇಳಿಬಿಡುವಳು. ನಾವು ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಪರೀಕ್ಷಿಸುತ್ತಿದ್ದೆವು. ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಬರೆಯುವಾಗ ಸುಳ್ಳು ಯಾಕೆ ಹೇಳಲಿ?

ಆಗ ಗುರುತು ಹಾಕುವುದು ಪೆನ್ನಿನಿಂದಲೇ. ತೊಳೆದರೂ ಹೋಗದ ಕಪ್ಪು ಮಸಿಯಲ್ಲಿ ಬಟ್ಟಲಿನ ಹೊರಮೈಗೆ ಬರೆಯಬೇಕು. ನಾನು ಮೂರು ಅಡ್ಡ ಗೆರೆ ಎಳೆಯುತ್ತಿದ್ದೆ, ಹಣೆಯ ವಿಭೂತಿಯ ಹಾಗೆ. ಪಾರ್ವತಿಯದು ಕುಂಕುಮದಷ್ಟು ಒಂದು ಚುಕ್ಕಿ. ಬೇರೆ ಲೆಕ್ಕಪತ್ರವೇನೂ ಇರಲಿಲ್ಲ. ಒಂದು ಡಿಫರೆನ್ಶಿಯಲ್ ಸೋರಿ ವಾಪಸು ಬಂತೆಂದರೆ ಮರೀನಾಬಾಯಿ ಗುರುತು ನೋಡಿ ಕರೆಯುವರು. ಪಂದ್ಯದ ಕಾರು ಕೆಡಿಸಿದವರಿಗೆ ತೊಳೆಯುವ ಶೆಡ್ಡು. ಟ್ರ್ಯಾಕಿನಿಂದ ಕೆಮ್ಮಣ್ಣು ಮೆತ್ತಿಕೊಂಡು ಬರುವ ಕಾರುಗಳನ್ನು ಥಿನ್ನರಿನಲ್ಲಿ ಬ್ರಷ್ ಹಾಕಿ ತಿಕ್ಕುವ ಜಾಗ ಅದು. ಮೇಜಿಗೆ ಯಾವಾಗ ವಾಪಸು ಬರುವುದು ಎಂಬುದು ಬಾಯಿಯ ಮರ್ಜಿ.

ಈಗ ಪುಣ್ಯಾತ್ಮನ ಕಥೆಗೆ ಬರುತ್ತೇನೆ. ನಾನು ಸೇರಿ ಮೂರನೇ ಬೇಸಿಗೆ, ಆದ್ದರಿಂದ ಹೊಸಬ ಎಂಬ ನೆಪ ಇಲ್ಲ. ನಮ್ಮ ಟ್ರ್ಯಾಕಿನಲ್ಲಿ ಪಂದ್ಯವಿತ್ತು. ಬೆಳಗಾವಿ, ಗೋವಾ ಕಡೆಯವರೆಲ್ಲ ಬಂದಿದ್ದರು. ಹಲ್ಲಿನ ಡಾಕ್ಟರು ಕೊನೆಯ ಸುತ್ತಿಗೆ ಆಯ್ಕೆಯಾಗಿ, ನಡುವಿನ ಡಿಫರೆನ್ಶಿಯಲ್‌ಗೆ ಇನ್ನೂ ಮಂದ ಎಣ್ಣೆ ಹಾಕಿರೆಂದು ಚೀಟಿ ಬರೆದು, ಕಾರನ್ನು ಮೇಜಿನ ಮೇಲಿಟ್ಟು ಊಟಕ್ಕೆ ಹೋದರು. ಆ ಕಾರಿನ ಮುಂದಿನದೂ ಹಿಂದಿನದೂ ಪಾರ್ವತಿ ಜೋಡಿಸಿದ್ದವು. ಅವಳು ಟ್ರ್ಯಾಕಿನ ಆಚೆ ಬಾಡಿಗೆಗೆ ಕೊಡುವ ರಿಮೋಟ್ ಕಾರು ನೋಡಿಕೊಳ್ಳುತ್ತಿದ್ದಳು, ಮರೀನಾಬಾಯಿ ಮೈಕಿನ ಮುಂದಿದ್ದರು. ಮೇಜಿನ ಹತ್ತಿರ ನಾನೊಬ್ಬನೇ.

ಒಬ್ಬನೇ ಎಂದರೆ ತಪ್ಪಾದೀತು. ಹಳಿಯಾಳದ ಗ್ಯಾರೇಜಿನ ನನ್ನ ಹಳೆಯ ಗೆಳೆಯರು ನಾಲ್ವರು ಪಂದ್ಯ ನೋಡಲು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಗುಬ್ಬಿಯ ಬಾಯಿಗೆ ನೀರು ಬಿಡುವವನಂತೆ ಎಣ್ಣೆ ಹನಿಸುವುದನ್ನು ಕಂಡು ಅವರಿಗೆ ನಗು ತಡೆಯಲಿಲ್ಲ.

"ಏನೋ ಈರ್ಯಾ, ಎಣ್ಣಿ ಉಳಿಸಿ ಮನಿಗೆ ಒಯ್ತಿಯೇನೋ? ಕೈ ಬಿಚ್ಚಿ ಹಾಕೋ!"

"ಕೈಗೆ ಬಳಿ ತೊಡಿಸಿದಂಗ ಸ್ಕ್ರೂ ಹಾಕಾಕತ್ತಾನ ನೋಡ್ರಿ. ಕೈಯಾಗ ಬಲಾ ಐತಿಲ್ಲೋ?"

ಐವತ್ತು ದಾಟಿದ ಗಂಡಸಿಗೆ ಹೀಗೆ ಅನ್ನಬಾರದು. ಕೈ ಬಿಚ್ಚಿ ಹಾಕಿದೆ. ತಕ್ಕಡಿ ಪಕ್ಕದಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಗುಳ್ಳೆಗೆ ಕಾಯಲಿಲ್ಲ. ನಾಲ್ಕು ಸ್ಕ್ರೂಗಳನ್ನೂ ಲಾರಿ ದಿನಗಳ ನೆನಪಿನಲ್ಲಿ ಬಿಗಿದು, ಮೇಲೆ ಚೆಂದಾಗಿ ಮೂರು ಗೆರೆ ಎಳೆದೆ. ಗೆಳೆಯರು ಭೇಷ್ ಎಂದು ಬೆನ್ನು ತಟ್ಟಿ ಚಹಾ ಕುಡಿಯಲು ಹೋದರು.

ಕೊನೆಯ ಸುತ್ತಿನ ಅರ್ಧದಲ್ಲಿ ಡಾಕ್ಟರ ಕಾರು ಎಲ್ಲರಿಗಿಂತ ಮುಂದಿತ್ತು. ಆಮೇಲೆ ಮುಂದಿನ ಗಾಲಿಗಳು ಗಿರಗಿರ ತಿರುಗಿ ಧೂಳೆಬ್ಬಿಸಿದವು, ಕಾರು ಮಾತ್ರ ಬೇಸತ್ತ ಎಮ್ಮೆಯ ಹಾಗೆ ನಿಧಾನವಾಯಿತು. ನಡುವಿನದರ ಎಣ್ಣೆ ಹೊರಗೆ ಬಂದರೆ ಹಾಗೇ ಆಗುವುದು. ನನಗೆ ನಿಂತಲ್ಲೇ ತಿಳಿಯಿತು. ಓಡಿಹೋಗಿ ಕಾರು ತಂದು ಮೇಜಿನ ಮೇಲಿಟ್ಟು, ಡಿಫರೆನ್ಶಿಯಲ್ ಹೊರತೆಗೆದು, ಸ್ಪಿರಿಟಿನ ಬಟ್ಟೆಯಿಂದ ಒರೆಸಿದೆ. ಎಣ್ಣೆ ಒರೆಸುತ್ತಿದ್ದೇನೆ ಎಂದೇ ಮನಸ್ಸಿಗೆ ಹೇಳಿಕೊಂಡೆ. ಸ್ಪಿರಿಟಿಗೆ ಆ ಮಸಿ ಹೋಗುತ್ತದೆ ಎಂದು ಮನಸ್ಸಿಗೆ ಗೊತ್ತಿತ್ತು. ಬಟ್ಟೆ ತೆಗೆದಾಗ ಮೂರು ಗೆರೆ ಇರಲಿಲ್ಲ. ನನ್ನ ಹಣೆಯ ವಿಭೂತಿ ನಾನೇ ಅಳಿಸಿಕೊಂಡ ಹಾಗಾಯಿತು.

ಅಷ್ಟರಲ್ಲಿ ಪಾರ್ವತಿ ಬಂದು ಅದನ್ನು ಕೈಗೆತ್ತಿಕೊಂಡು ಯಾಕೆ ಸೋರಿತೆಂದು ಬಿಚ್ಚಿ ನೋಡಲು ಸ್ಕ್ರೂಗೆ ಕೈ ಹಾಕಿದಳು. ಬಿಚ್ಚುವ ಮೊದಲೇ ಮರೀನಾಬಾಯಿ ಬಂದರು, ಹಿಂದೆ ಕೆಂಡವಾಗಿದ್ದ ಡಾಕ್ಟರು. ಇನ್ನುಮೇಲೆ ಕಾರುಗಳನ್ನು ಗೋವಾಕ್ಕೇ ಒಯ್ಯುತ್ತೇನೆ ಎನ್ನುತ್ತಿದ್ದರು ಅವರು.

"ಗುರುತು ಎಲ್ಲಿ?" ಎಂದು ಬಾಯಿ ಕೇಳಿದರು.

"ಎಣ್ಣಿ ಬಿಸಿ ಆಗಿತ್ರಿ. ಹೋಗಿರಬೇಕ್ರಿ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಯಾರದು ಇದು?"

ನಾನು ಮೇಜಿನ ಮೇಲಿದ್ದ ಚಹಾದ ಕಪ್ಪು ನೋಡಿದೆ. ಪಾರ್ವತಿಯೇ, "ಮುಂದಿಂದು ಹಿಂದಿಂದು ನಂದ ಅದಾವ್ರಿ. ಇದೂ ನಂದ ಇರಬೇಕು" ಎಂದಳು. ಆಗಲೂ ನಾನು ಕಪ್ಪು ನೋಡುತ್ತಲೇ ಇದ್ದೆ. ಮರುದಿನ ಅವಳು ತೊಳೆಯುವ ಶೆಡ್ಡಿಗೆ ಹೋದಳು.

ಆ ಮಳೆಗಾಲವಿಡೀ ನಾನು ಅವಳಿಗೆ ದಿನಕ್ಕೆರಡು ಸಲ ಚಹಾ ಒಯ್ದುಕೊಟ್ಟೆ. ವಾರಕ್ಕೊಮ್ಮೆ ಮಂಡಕ್ಕಿ, ಮಿರ್ಚಿ ಭಜಿ. ಬಾಯಿ ತೆರೆಯುವುದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿದೆ. ಅವಳು ಭಜಿ ತಿಂದು, "ಈರಪ್ಪಣ್ಣ, ಇತ್ತೀಚಿಗೆ ಬಾಳ ದೊಡ್ಡ ಮನಸ್ಸು ಆಗೇತ್ರಿ ನಿಮ್ದು" ಎಂದಳು. ಹೊಗಳಿಕೆ ಎಂದೇ ತಿಳಿದೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಮೇಜಿನ ಕ್ಯಾಲಿಪರ್ ಕೆಟ್ಟಿತು. ಮರೀನಾಬಾಯಿ ಪಾರ್ವತಿಯನ್ನು ಕರೆಸಿ, "ಇದು ಯಾವ ಶಿಮ್, ಹೇಳು" ಎಂದು ಬಿಲ್ಲೆ ಕೊಟ್ಟರು. ಅವಳು ಕೈ ಒರೆಸಿಕೊಂಡು ಬೆರಳ ನಡುವೆ ಹಿಡಿದಳು. ಇನ್ನೊಮ್ಮೆ ಹಿಡಿದಳು. ಎಡಗೈಯಲ್ಲಿ ಹಿಡಿದಳು. ಶೆಡ್ಡಿನಲ್ಲಿ ಕೊಟ್ಟ ರಬ್ಬರ್ ಕೈಗವಸುಗಳು ಎರಡೇ ದಿನಕ್ಕೆ ಹರಿಯುತ್ತಿದ್ದವು. ಥಿನ್ನರಿನಿಂದ ಅವಳ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಲಿದು, ಬಿರುಕು ಬಿಟ್ಟಿದ್ದವು.

"ತಿಳೀವಲ್ದು ಬಾಯಿ" ಎಂದಳು. ನಗಲು ನೋಡಿದಳು, ಆಗಲಿಲ್ಲ.

ನನಗೆ ಆಗ ಆದ ನಾಚಿಕೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ. ಆ ಬೆರಳುಗಳು ಅವಳ ಅನ್ನ. ಕಂಡವರ ಗದ್ದೆಯ ಕೆಸರಿನಿಂದ ಅವಳನ್ನು ಮೇಲೆತ್ತಿ ಕುರ್ಚಿಯ ಮೇಲೆ ಕೂರಿಸಿದ್ದು ಆ ಎರಡು ಬೆರಳು. ನಾನು ಅವನ್ನು ಮಿರ್ಚಿ ಭಜಿಗೆ ಮಾರಿದ್ದೆ.

ಅವಳು ಶೆಡ್ಡಿಗೆ ಮರಳಿದ ಕೂಡಲೇ ತಕ್ಕಡಿಯ ಎದುರು ನಿಂತು ಎಲ್ಲ ಹೇಳಿದೆ. ಗೆಳೆಯರು, ಎಣ್ಣೆ, ಸ್ಪಿರಿಟಿನ ಬಟ್ಟೆ, ಒಂದನ್ನೂ ಬಿಡಲಿಲ್ಲ. ಕೊಂಕಣಿ ಸುರಿಯುತ್ತದೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಬಾಯಿ ಕನ್ನಡದಲ್ಲೇ ಮಾತಾಡಿದರು.

"ಡಿಫರೆನ್ಶಿಯಲ್ ಬಿಚ್ಚಾಕ ಹತ್ತು ನಿಮಿಷ ಸಾಕು ಈರಪ್ಪ. ನಿನ್ನ ಬಾಯಿ ಬಿಚ್ಚಾಕ ನಾಲ್ಕು ತಿಂಗಳು. ಯಾವ ಎಣ್ಣಿ ಹಾಕಿದ್ದಿ ಅದರಾಗ?"

ಅದೇ ಸಂಜೆ ಪಾರ್ವತಿ ಮೇಜಿಗೆ ಬಂದಳು, ನಾನು ಬ್ರಷ್ ಹಿಡಿದೆ. ಇಡೀ ಎಂಟು ತಿಂಗಳು ತಿಕ್ಕಿದೆ. ಪಾರ್ವತಿ ದಿನಾ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ದೀಪಾವಳಿಯ ಆಚೆ ಒಂದು ದಿನ ಶೆಡ್ಡಿನ ಬಾಗಿಲಿಗೆ ಬಂದು ಒಂದು ಶಿಮ್ ಎತ್ತಿಹಿಡಿದು ಅದರ ಅಳತೆ ಹೇಳಿ ಹೋದಳು. ಸರಿಯಿತ್ತು. ಬಲ ಹೆಬ್ಬೆರಳು ಮಾತ್ರ ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ತೀರಾ ತೆಳುವಾದವನ್ನು ಅವಳು ಈಗಲೂ ಎಡಗೈಯಲ್ಲೇ ಹಿಡಿದು ನೋಡುತ್ತಾಳೆ. ಹೊಸಬರೇ, ಅದನ್ನು ನೀವು ಗಮನಿಸಿರಬಹುದು. ಅವಳು ಎಡಗೈಯವಳಲ್ಲ.

ನಾನು ತಪ್ಪೊಪ್ಪಿಕೊಂಡ ಮರುವಾರವೇ ಮರೀನಾಬಾಯಿ ಉಕ್ಕಿನ ಸೂಜಿ ತಂದಿದ್ದರು. ಅಳಿಸಿದರೆ ಹೋಗದ ಗುರುತು ಬೇಕು ಎಂದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ನಾನು ಬಿಡುವ ದಿನ ಶಾಲು, ಹಾರ, ಪೇಡೆ ಎಲ್ಲ ಮುಗಿದ ಮೇಲೆ ಪಾರ್ವತಿ ತನ್ನ ಖಾನೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದಳು. ಒಳಗೆ ಆ ಡಿಫರೆನ್ಶಿಯಲ್. ಅದೇ ನಾಲ್ಕು ಸ್ಕ್ರೂ, ಮೇಲೆ ಯಾವ ಗುರುತೂ ಇಲ್ಲ.

"ಅವತ್ತ ಬಿಚ್ಚಾಕ ಹ್ವಾದೆ, ಸ್ಕ್ರೂ ಅಲಗಾಡಲಿಲ್ಲ" ಎಂದಳು. "ಈ ವರ್ಕ್‌ಶಾಪಿನಾಗ ಸ್ಕ್ರೂನ ಇಷ್ಟು ಬಿಗಿಯಾವರು ಒಬ್ಬರ."

"ಅಂದ್ರ ನಿಂಗ ಅವತ್ತ ಗೊತ್ತಿತ್ತು? ಮತ್ತ ನಂದು ಅಂತ ಯಾಕ ಅಂದಿ?"

"ನಾ ನಂದು ಅಂದ ಕೂಡಲೆ ನೀವು, ಇಲ್ಲ, ನಂದು ಅಂತೀರಿ ಅನ್ಕೊಂಡಿದ್ದೆ" ಎಂದಳು. "ನಿಮ್ಮ ಮಾರಿ ನೋಡಿದೆ. ನೀವು ಕಪ್ಪು ನೋಡಿದ್ರಿ."

ಕಣ್ಣು ತುಂಬಿ ಬಂತು. ಅವಳು ಅದನ್ನು ನೋಡದವಳಂತೆ ಸೂಜಿ ತೆಗೆದು ನನ್ನ ಕೈಗಿಟ್ಟಳು.

"ಹಾಕ್ರಿ ಈಗ."

ಡಿಫರೆನ್ಶಿಯಲ್ಲನ್ನು ಎಡಗೈಯಲ್ಲಿ ಒತ್ತಿ ಹಿಡಿದು ಕೆತ್ತಿದೆ. ಸೂಜಿ ಜಾರಿ ಮೂರನೇ ಗೆರೆ ಓರೆಯಾಯಿತು. ಪಾರ್ವತಿ ಬೆಳಕಿಗೆ ಹಿಡಿದು ನೋಡಿ, "ವಿಭೂತಿ ಸೊಟ್ಟ ಆತಲ್ರಿ" ಎಂದು ನಕ್ಕಳು. ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ತನ್ನ ಖಾನೆಯಲ್ಲಿಟ್ಟಳು.

ಅದು ಈಗಲೂ ಅಲ್ಲೇ ಇದೆ, ಮೇಜಿನ ಅವಳ ಬದಿಯ ಕೆಳಗಿನ ಖಾನೆಯಲ್ಲಿ. ಕೇಳಿದರೆ ತೋರಿಸುತ್ತಾಳೆ. ಸ್ಕ್ರೂ ಬಿಚ್ಚಲು ಹೋಗಬೇಡಿ, ಬರುವುದಿಲ್ಲ. ಗೆರೆಗಳ ಮೇಲೆ ಬೆರಳಾಡಿಸಿ ನೋಡಿ, ಮೂರನೆಯದು ಸೊಟ್ಟಗಿದೆ. ಆ ಪುಣ್ಯಾತ್ಮ ನಾನೇ.